ಗ್ಯಾಸ್ ಇಳಿಯದ ಹಾಗೆ ಕೆಗ್ಗಿನಿಂದ ಕೆಗ್ಗಿಗೆ ಸೈಡರ್

ಇರುವುದು 19 ಲೀಟರಿನ ಒಂದು ಸ್ಟೀಲ್ ಕೆಗ್ (ಒತ್ತಡ ತಡೆಯುವ, ಬಿಗಿ ಮುಚ್ಚಳದ ಪಾತ್ರೆ), ಅದರೊಳಗೆ 18 ಲೀಟರ್ ಸೈಡರ್, ಎಂದರೆ ಸೇಬಿನ ರಸ ಹುದುಗಿಸಿ ಮಾಡಿದ ಪೇಯ. ಗುಳ್ಳೆ ಚೆನ್ನಾಗಿ ಕಟ್ಟಿದೆ, ತಳದಲ್ಲಿ ಯೀಸ್ಟಿನ ಮಡ್ಡಿ ಕೂತಿದೆ. ಬೇಕಾಗಿರುವುದು 9.5 ಲೀಟರಿನ ಎರಡು ಚಿಕ್ಕ ಕೆಗ್ಗುಗಳಲ್ಲಿ ಅದೇ ಸೈಡರ್, ಅಷ್ಟೇ ಗ್ಯಾಸಿನೊಂದಿಗೆ, ಮಡ್ಡಿ ಇಲ್ಲದೆ.

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಜನವರಿ ಬಂತೆಂದರೆ ಸೇಬಿನ ತೋಟಗಳಲ್ಲಿ ವಾಸೇಲ್ ನಡೆಯುತ್ತದೆ. ಚಳಿಯಲ್ಲಿ ಬೆಂಕಿ ಹಾಕಿ, ಹಾಡಿ, ಮರದ ಬುಡಕ್ಕೆ ಸೈಡರ್ ಸುರಿದು, ಸೈಡರಿನಲ್ಲಿ ಅದ್ದಿದ ರೊಟ್ಟಿಯ ತುಂಡನ್ನು ಕೊಂಬೆಗೆ ಸಿಕ್ಕಿಸಿ, ಮುಂದಿನ ಫಸಲು ಚೆನ್ನಾಗಿ ಬರಲಿ ಎಂದು ಮರಗಳಿಗೇ ಹಾರೈಸುವ ಹಬ್ಬ ಅದು. ನನಗೆ ಪ್ರತಿವರ್ಷ ಹಣ್ಣು ಕೊಡುವ ತೋಟದವರ ವಾಸೇಲ್‌ಗೆ ಈ ಸೈಡರ್ ಹೋಗಬೇಕು. ದೊಡ್ಡ ಕೆಗ್ಗನ್ನೇ ಕಾರಿಗೆ ಹಾಕಿಕೊಂಡು ತೋಟದ ಮಣ್ಣುದಾರಿಯಲ್ಲಿ ಕುಲುಕಿಸುತ್ತಾ ಹೋದರೆ ಮಡ್ಡಿಯೆಲ್ಲ ಮೇಲೆದ್ದು, ತಿಂಗಳುಗಟ್ಟಲೆ ಕೂತು ತಿಳಿಯಾದದ್ದು ಒಂದೇ ಗಳಿಗೆಯಲ್ಲಿ ಕದಡಿಹೋಗುತ್ತದೆ. ಹಾಗಾಗಿ ಇಲ್ಲೇ, ಗ್ಯಾರೇಜಿನಲ್ಲೇ, ತಿಳಿಯನ್ನು ಬೇರೆ ಮಾಡಿ ಒಯ್ಯಬೇಕು.

ಹಣ್ಣು ಹೋದ ಶರತ್ಕಾಲದ್ದು. ಹೆಚ್ಚಿನ ಪಾಲು ಡ್ಯಾಬಿನೆಟ್, ಸ್ವಲ್ಪ ಕಿಂಗ್‌ಸ್ಟನ್ ಬ್ಲ್ಯಾಕ್. ಎರಡೂ ಸಾಮರ್‌ಸೆಟ್ ಮೂಲದ ತಳಿಗಳು, ಇಲ್ಲಿಯೂ ಧಾರಾಳವಾಗಿ ಬೆಳೆಯುತ್ತವೆ. ಕಚ್ಚಿ ತಿನ್ನುವ ಹಣ್ಣುಗಳಲ್ಲ. ಕಿಂಗ್‌ಸ್ಟನ್ ಬ್ಲ್ಯಾಕ್ ಬಾಯಿಗಿಟ್ಟರೆ ಎಳೆ ಬಾಳೆಕಾಯಿ ಕಚ್ಚಿದಂತೆ ನಾಲಿಗೆ ಒಗರಾಗುತ್ತದೆ. ಬ್ರಿಸ್ಟಲ್ ಹತ್ತಿರದ ಲಾಂಗ್ ಆಷ್ಟನ್‌ನಲ್ಲಿ 1903ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಸೈಡರ್ ಹಣ್ಣುಗಳನ್ನು ವಿಂಗಡಿಸಿದ ರೀತಿಯನ್ನೇ ಇಂದಿಗೂ ಎಲ್ಲರೂ ಬಳಸುತ್ತಾರೆ: ಟ್ಯಾನಿನ್ ಶೇ. 0.2ಕ್ಕಿಂತ ಹೆಚ್ಚಿದ್ದು ಆಮ್ಲ ಶೇ. 0.45ಕ್ಕಿಂತ ಕಡಿಮೆ ಇದ್ದರೆ ಕಹಿಸಿಹಿ, ಎರಡೂ ಹೆಚ್ಚಿದ್ದರೆ ಕಹಿಹುಳಿ. ಡ್ಯಾಬಿನೆಟ್ ಮೊದಲನೆಯ ಜಾತಿ, ಕಿಂಗ್‌ಸ್ಟನ್ ಬ್ಲ್ಯಾಕ್ ಎರಡನೆಯದು. ಆ ಒಗರೇ ಸೈಡರಿಗೆ ಮೈಕಟ್ಟು ಕೊಡುವುದು.

ರಸ ಪೂರ್ತಿ ಹುದುಗಿ ಸಕ್ಕರೆಯೆಲ್ಲ ಮುಗಿದ ಮೇಲೆ ಅದನ್ನು ಕೆಗ್ಗಿಗೆ ಹಾಕಿ, ಲೀಟರಿಗೆ ಆರೂವರೆ ಗ್ರಾಂ ಲೆಕ್ಕದಲ್ಲಿ 117 ಗ್ರಾಂ ಸಕ್ಕರೆ ಬೆರೆಸಿ ಮುಚ್ಚಳ ಬಿಗಿದಿದ್ದೆ. ನಾಲ್ಕು ಗ್ರಾಂ ಸಕ್ಕರೆ ಹುದುಗಿದರೆ ಸುಮಾರು ಎರಡು ಗ್ರಾಂ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಮೊದಲೇ ಕರಗಿದ್ದ ಅನಿಲವೂ ಸೇರಿ, ಪ್ರತಿ ಲೀಟರ್ ಸೈಡರಿನಲ್ಲಿ ಸುಮಾರು ಎರಡೂವರೆ ಲೀಟರ್ ಅನಿಲ, ಎಂದರೆ ಐದು ಗ್ರಾಂ ಆಸುಪಾಸು, ಕರಗಿ ಕೂತಿದೆ. ಸಿಲಿಂಡರಿನಿಂದ ಗ್ಯಾಸ್ ತುಂಬಿಸಿದರೂ ಲೆಕ್ಕ ಇದೇ. ಆದರೂ ಯೀಸ್ಟ್ ತಾನೇ ಕಟ್ಟಿದ ಗುಳ್ಳೆಯ ಮೇಲೆ ನನಗೆ ಮಮತೆ ಹೆಚ್ಚು. ಹೆರೆಫರ್ಡ್ ಪಕ್ಕದ ಹೋಮ್ ಲೇಸಿಯಲ್ಲಿ 17ನೆಯ ಶತಮಾನದಲ್ಲೇ ಲಾರ್ಡ್ ಸ್ಕುಡಮೋರ್ ಸೈಡರನ್ನು ಬಾಟಲಿಗಳಲ್ಲಿ ತುಂಬಿಡುತ್ತಿದ್ದರು. ಈ ನೆಲಕ್ಕೆ ಆ ಕಸುಬು ಹೊಸದಲ್ಲ.

ಇನ್ನು ಒತ್ತಡದ ವಿಚಾರ. ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ದ್ರವದಲ್ಲಿ ಎಷ್ಟು ಅನಿಲ ಕರಗಿರುತ್ತದೆ ಎಂಬುದು ಅದರ ಮೇಲೆ ಆ ಅನಿಲದ ಒತ್ತಡ ಎಷ್ಟಿದೆ ಎಂಬುದನ್ನು ಅವಲಂಬಿಸಿದೆ. ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲಿ ಹೇಳಿದ ನಿಯಮ ಇದು. ಜೊತೆಗೆ ತಾಪಮಾನ: ತಣ್ಣಗಿದ್ದಷ್ಟೂ ಕಡಿಮೆ ಒತ್ತಡಕ್ಕೇ ಗ್ಯಾಸ್ ಒಳಗೆ ನಿಲ್ಲುತ್ತದೆ. ಎರಡೂವರೆ ಪಟ್ಟು ಗ್ಯಾಸ್ ಇರುವ ನನ್ನ ಸೈಡರಿಗೆ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 25 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂದು ಒತ್ತಡ ಅಳೆಯುವ ಮಾನ) ಬೇಕು, 10 ಡಿಗ್ರಿಯಲ್ಲಿ 17 ದಾಟಬೇಕು, 3 ಡಿಗ್ರಿಯಲ್ಲಾದರೆ 11 ಸಾಕು. ಹೊರಗಿನ ಒತ್ತಡ ಇದಕ್ಕಿಂತ ಕೆಳಗಿಳಿದ ಕ್ಷಣದಿಂದ ಗ್ಯಾಸ್ ಹೊರಬರಲು ದಾರಿ ಹುಡುಕುತ್ತದೆ. ಹಾಗಾದರೆ ಮಾಡಬೇಕಾದದ್ದು ಒಂದೇ: ಸೈಡರ್ ಹೊರಟ ಜಾಗದಿಂದ ತಲುಪುವ ಜಾಗದವರೆಗೆ, ದಾರಿಯ ಯಾವ ಕಡೆಯೂ ಒತ್ತಡ ಆ 11ರ ಗೆರೆಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು.

ಬಿಯರ್ ಮಾಡುವವರಿಗೆ ಇಲ್ಲಿ ಒಂದು ಅನುಕೂಲವಿದೆ. ಗ್ಯಾಸ್ ಹೋಗುತ್ತಿದ್ದರೆ ನೊರೆ ಎದ್ದು ನಿಂತು ಹೇಳುತ್ತದೆ. ಅದರಲ್ಲಿರುವ ಧಾನ್ಯದ ಪ್ರೋಟೀನು ನೊರೆಯನ್ನು ಹಿಡಿದು ನಿಲ್ಲಿಸುತ್ತದೆ. ಸೈಡರಿನಲ್ಲಿ ಆ ಪ್ರೋಟೀನ್ ಇಲ್ಲ. ನೊರೆ ಏಳುತ್ತದೆ, ಚಟಪಟ ಸದ್ದು ಮಾಡುತ್ತಾ ಅಲ್ಲೇ ಇಳಿದುಬಿಡುತ್ತದೆ. ನೋಡಿದವರಿಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಲೋಟಕ್ಕೆ ಬಂದಾಗಲೇ ಸಪ್ಪೆಯೆಂದು ಗೊತ್ತಾಗುವುದು. ಆದ್ದರಿಂದ ಸೈಡರಿನ ಕೆಲಸದಲ್ಲಿ ಕಣ್ಣನ್ನು ನಂಬಬಾರದು, ಮಾಪಕವನ್ನು ನಂಬಬೇಕು.

ವಿಧಾನ ಎರಡು. ದೊಡ್ಡ ಕೆಗ್ಗಿಗೆ ಸಿಲಿಂಡರಿನಿಂದ ಗ್ಯಾಸ್ ಒತ್ತಿ, ಚಿಕ್ಕದರಿಂದ ಅಷ್ಟಷ್ಟೇ ಗ್ಯಾಸ್ ಹೊರಬಿಡುತ್ತಾ ಸೈಡರನ್ನು ತಳ್ಳುವುದು ಒಂದು. ಒಂದು ಕೆಗ್ಗನ್ನು ಎತ್ತರದಲ್ಲಿಟ್ಟು, ಎರಡರ ಗ್ಯಾಸಿನ ಬಾಯಿಗಳನ್ನು ಒಂದು ಕೊಳವೆಯಿಂದಲೂ ದ್ರವದ ಬಾಯಿಗಳನ್ನು ಇನ್ನೊಂದು ಕೊಳವೆಯಿಂದಲೂ ಜೋಡಿಸಿ, ಸೈಡರ್ ತನ್ನ ಭಾರಕ್ಕೆ ತಾನೇ ಇಳಿಯುವಂತೆ ಮಾಡುವುದು ಇನ್ನೊಂದು. ಎರಡನೆಯದರಲ್ಲಿ ಸೈಡರ್ ಕೆಳಗಿಳಿದಷ್ಟೂ ಕೆಳಗಿನ ಕೆಗ್ಗಿನ ಗ್ಯಾಸ್ ಮೇಲಕ್ಕೆ ಹೋಗಿ ಖಾಲಿಯಾದ ಜಾಗ ತುಂಬುತ್ತದೆ. ಎರಡೂ ಕಡೆ ಒತ್ತಡ ಒಂದೇ, ಗ್ಯಾಸಿನ ಖರ್ಚಿಲ್ಲ, ಹರಿವು ನಿಧಾನ. ನಾನು ಆರಿಸಿಕೊಂಡದ್ದು ಇದನ್ನು.

ಇದರಲ್ಲಿ ಕಣ್ಣಿಗೆ ಬೀಳದ ಒಂದು ತೊಡಕಿದೆ. ಕೆಗ್ಗಿನ ದ್ರವದ ಬಾಯಿ ಇರುವುದು ಮೇಲ್ಭಾಗದಲ್ಲಿ. ಸೈಡರ್ ಮೊದಲು ಒಳಗಿನ ಕೊಳವೆಯಲ್ಲಿ ಮೇಲೇರಿ, ಆಮೇಲೆ ಹೊರಗಿನ ಕೊಳವೆಯಲ್ಲಿ ಕೆಳಗಿಳಿಯಬೇಕು. ಕೆಗ್ ತುಂಬಿರುವಾಗ ಏರಬೇಕಾದದ್ದು ಗೇಣಿಗಿಂತ ಕಡಿಮೆ. ಬರಿದಾಗುತ್ತಾ ಬಂದಾಗ ಸುಮಾರು 60 ಸೆಂಟಿಮೀಟರ್. ಒಂದು ಮೀಟರ್ ಎತ್ತರದ ನೀರು ಹತ್ತಿರಹತ್ತಿರ 1.4 ಪಿಎಸ್ಐಗೆ ಸಮ. ಹಾಗಾಗಿ ಕೊನೆಗೊನೆಗೆ ಆ ಏರಿನ ತುದಿಯಲ್ಲಿ ಒತ್ತಡ ಕೆಗ್ಗಿನೊಳಗಿನದಕ್ಕಿಂತ 0.8 ಪಿಎಸ್ಐಯಷ್ಟು ಕಡಿಮೆ ಇರುತ್ತದೆ. ಬಾಯಿಯ ಒಳಗಿನ ಚಿಕ್ಕ ಸ್ಪ್ರಿಂಗ್ ಮುಚ್ಚಳವನ್ನು ಸುತ್ತಿಕೊಂಡು ನುಸುಳುವಾಗ ಇನ್ನಷ್ಟು ಇಳಿಯುತ್ತದೆ. ಕೆಗ್ಗಿನಲ್ಲಿ ಬರೀ 11 ಪಿಎಸ್ಐ ಇದ್ದರೆ ಅಲ್ಲಿ ಗುಳ್ಳೆ ಒಡೆದು, ಕೊಳವೆಯ ತುದಿಯಲ್ಲಿ ಗ್ಯಾಸ್ ಸೇರಿಕೊಂಡು, ಹರಿವೇ ಕಡಿದುಹೋಗುತ್ತದೆ. ಮದ್ದು ಸುಲಭ: ವರ್ಗಾವಣೆಗೆ ಮುಂಚೆ ಎರಡೂ ಕೆಗ್ಗುಗಳ ಒತ್ತಡವನ್ನು 15ಕ್ಕೆ ಏರಿಸಿಕೊಳ್ಳುವುದು. ಅಲುಗಾಡದೆ ನಿಂತ ಸೈಡರ್ ಮೇಲ್ಮೈಯಿಂದ ಗ್ಯಾಸ್ ಹೀರಿಕೊಳ್ಳುವುದು ಬಹಳ ನಿಧಾನ, ದಿನಗಟ್ಟಲೆಯ ಕೆಲಸ. ಗಂಟೆ ಹೊತ್ತಿನ ಹೆಚ್ಚುವರಿ ಒತ್ತಡದಿಂದ ಗುಳ್ಳೆ ವಿಪರೀತವಾಗುವುದಿಲ್ಲ.

ಕೊಳವೆಗಳ ಕೆಲಸ. ದ್ರವದ ಕೊಳವೆ ಸರಳ: ಎರಡು ತುದಿಗೂ ಕೆಗ್ಗಿನ ಬಾಯಿಗೆ ಸಿಕ್ಕಿಸುವ ಕಪ್ಪು ಕ್ಲಿಪ್, ನಡುವೆ ಒಳವ್ಯಾಸ 6 ಮಿಲಿಮೀಟರ್ ದಾಟಿದ ಒಂದೂವರೆ ಮೀಟರ್ ಪಾರದರ್ಶಕ ಕೊಳವೆ. ಲೋಟಕ್ಕೆ ಬಗ್ಗಿಸುವ ನಲ್ಲಿಗೆ ಸಣ್ಣ ಕೊಳವೆ ಬೇಕು, ಅಲ್ಲಿ ಒತ್ತಡವನ್ನು ಹಂತಹಂತವಾಗಿ ಇಳಿಸಬೇಕು. ಇಲ್ಲಿ ಅದು ಉಲ್ಟಾ: ಒತ್ತಡ ಇಳಿಯಲೇಬಾರದು, ಆದ್ದರಿಂದ ದಪ್ಪ ಕೊಳವೆ, ಆದಷ್ಟು ಕಡಿಮೆ ತಿರುವು.

ಗ್ಯಾಸಿನ ಕೊಳವೆಗೆ ಸ್ವಲ್ಪ ಹೆಚ್ಚು ಮನಸ್ಸು ಕೊಟ್ಟೆ. ಎರಡು ತುದಿಗೆ ಬೂದುಬಣ್ಣದ ಕ್ಲಿಪ್. ನಡುವೆ ಒಂದು ‘ಟಿ’ ಜೋಡಣೆ, ಅದರ ಮೂರನೆಯ ಬಾಯಿಗೆ ಒತ್ತಡದ ಮಾಪಕ ಮತ್ತು ಸ್ಪಂಡಿಂಗ್ ವಾಲ್ವ್. ಅದರ ತಿರುಪನ್ನು ಎಲ್ಲಿ ಇಟ್ಟಿರುತ್ತೇವೋ ಆ ಒತ್ತಡ ಮೀರಿದರೆ ಮಾತ್ರ ಅದು ಗ್ಯಾಸ್ ಹೊರಬಿಡುತ್ತದೆ. ‘ಟಿ’ಗೂ ಮೇಲಿನ ಕೆಗ್ಗಿಗೂ ನಡುವೆ ಒಂದು ಪುಟ್ಟ ನಲ್ಲಿ. ಈ ನಲ್ಲಿ ಮುಚ್ಚಿದರೆ ವಾಲ್ವ್ ಕೆಳಗಿನ ಕೆಗ್ಗಿಗೆ ಮಾತ್ರ ಸೇರುತ್ತದೆ, ತೆರೆದರೆ ಎರಡೂ ಒಂದಾಗುತ್ತವೆ. ಹರಿವು ಶುರುಮಾಡುವ ಉಪಾಯ ಈ ನಲ್ಲಿಯಲ್ಲೇ ಇದೆ. ಎಲ್ಲವೂ ಕೈಯಿಂದ ಒತ್ತಿ ಕೂರಿಸುವ ಜೋಡಣೆಗಳು; ಕೊಳವೆಯ ತುದಿಯನ್ನು ಹರಿತವಾದ ಬ್ಲೇಡಿನಿಂದ ನೇರಕ್ಕೆ ಕತ್ತರಿಸುವುದು ಮುಖ್ಯ. ಓರೆ ಕತ್ತರಿಸಿದರೆ ಒಳಗಿನ ರಬ್ಬರ್ ಉಂಗುರಕ್ಕೆ ಸರಿಯಾಗಿ ಕೂರದೆ ಸೋರುತ್ತದೆ.

ಚಿಕ್ಕ ಕೆಗ್ಗುಗಳಲ್ಲಿ ಒಂದು ಹೊಸತು, ಇನ್ನೊಂದು ಹಳೆಯದು, ತಂಪು ಪಾನೀಯದ ಪಾಕ ತುಂಬಿಕೊಂಡು ದುಡಿದದ್ದು. ಮುಚ್ಚಳ ತೆಗೆದರೆ ಇನ್ನೂ ಕೋಲಾ ವಾಸನೆ. ಸ್ಟೀಲಿಗೆ ವಾಸನೆ ಹತ್ತುವುದಿಲ್ಲ, ಹತ್ತುವುದು ರಬ್ಬರಿಗೆ. ಆದ್ದರಿಂದ ಐದೂ ಉಂಗುರಗಳನ್ನು ಬದಲಿಸಿದೆ: ಮುಚ್ಚಳದ ದೊಡ್ಡದು, ಎರಡು ಬಾಯಿಗಳ ಹೊರಗಿನವು, ಒಳಗಿನ ಎರಡು ಕೊಳವೆಗಳ ಕುತ್ತಿಗೆಯವು. ಸೋರುವಿಕೆ ಬಹಳ ಸಲ ಹುಟ್ಟುವುದು ಈ ಕುತ್ತಿಗೆಯ ಉಂಗುರದಲ್ಲಿ. ಹೊರಗಿನಿಂದ ಕಾಣುವುದಿಲ್ಲ, ಹಾಗಾಗಿ ಜನ ಬಾಯಿಯನ್ನೇ ಇನ್ನಷ್ಟು ಬಿಗಿಮಾಡುತ್ತಾ ಹೋಗುತ್ತಾರೆ. ಬಾಯಿ ಬಿಚ್ಚುವಾಗ ಒಳಗೆ ಒತ್ತಡ ಇಲ್ಲವೆಂದು ಸುರಕ್ಷಾ ವಾಲ್ವ್ ಎಳೆದು ಖಾತರಿ ಮಾಡಿಕೊಳ್ಳಬೇಕು. ಒತ್ತಡದಲ್ಲಿ ಬಿಚ್ಚಿದ ಬಾಯಿ ಗುಂಡಿನಂತೆ ಹಾರುತ್ತದೆ.

ಸೋಡಿಯಂ ಪರ್‌ಕಾರ್ಬೊನೇಟ್ ಬೆರೆಸಿದ ಬಿಸಿನೀರಿನಲ್ಲಿ ಒಂದು ರಾತ್ರಿ ನೆನೆಸಿ ತೊಳೆದ ಮೇಲೆ, ಮುಚ್ಚಳ ಕೂರುವ ಅಂಚಿನ ಮೇಲೆ ಉಗುರು ಆಡಿಸಿ ನೋಡಿದೆ. ಒಂದು ಕಡೆ ಉಗುರು ತಡೆಯಿತು: ಕೂದಲೆಳೆಯಷ್ಟು ಗೀರು, ಒಳಗಿನಿಂದ ಹೊರಗೆ ಅಡ್ಡಲಾಗಿ. ಸಾವಿರ ನಂಬರಿನ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ, ಅಂಚಿನ ಗುಂಟ ಮಾತ್ರ, ಅಡ್ಡಲಾಗಿ ಅಲ್ಲ, ಉಗುರು ತಡೆಯದಷ್ಟು ಉಜ್ಜಿದೆ. ಉಂಗುರಗಳಿಗೆ ಆಹಾರಕ್ಕೆ ಬಳಸುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ, 30 ಪಿಎಸ್ಐ ತುಂಬಿಸಿದಾಗ ಮುಚ್ಚಳ ‘ಟಕ್’ ಎಂದು ಕೂತಿತು. ಈ ಮುಚ್ಚಳ ಅಂಡಾಕಾರದ್ದು, ಒಳಗಿನಿಂದ ಮೇಲಕ್ಕೆ ಕೂರುವಂಥದ್ದು. ಒಳಗಿನ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತದೆ. ನಮ್ಮ ಊರಿನ ಗೋಲಿ ಸೋಡಾದಲ್ಲೂ ಕೆಲಸ ಮಾಡುವುದು ಇದೇ ಸೂತ್ರ. ಗೋಲಿಯನ್ನು ಕುತ್ತಿಗೆಯಲ್ಲಿ ಸಿಕ್ಕಿಸಿದ ಆ ಬಾಟಲಿಗೆ 1872ರಲ್ಲಿ ಪೇಟೆಂಟ್ ಪಡೆದ ಹೈರಮ್ ಕಾಡ್ ಇಂಗ್ಲೆಂಡಿನವರೇ. ಸಾಬೂನು ನೀರು ಸಿಂಪಡಿಸಿದಾಗ ಎಲ್ಲೂ ಗುಳ್ಳೆ ಏಳಲಿಲ್ಲ. ಬೆಳಗಿನವರೆಗೆ ಬಿಟ್ಟರೂ ಮಾಪಕದ ಮುಳ್ಳು ಕದಲಲಿಲ್ಲ.

ದೊಡ್ಡ ಕೆಗ್ಗಿನಲ್ಲಿ ತಳಕ್ಕೆ ಹೋಗುವ ಉದ್ದ ಕೊಳವೆಯ ಬದಲು ತೇಲುವ ಕೊಳವೆಯನ್ನು ಮೊದಲೇ ಹಾಕಿದ್ದೆ. ತುದಿಯಲ್ಲಿ ಟೊಳ್ಳು ಸ್ಟೀಲ್ ಗುಂಡು ಕಟ್ಟಿದ ಸಿಲಿಕೋನ್ ಕೊಳವೆ ಅದು. ಯಾವಾಗಲೂ ಮೇಲ್ಮೈಯ ತಿಳಿಯನ್ನೇ ಎಳೆದುಕೊಳ್ಳುತ್ತದೆ. ಮಡ್ಡಿಯನ್ನು ಕೊನೆಯವರೆಗೂ ಮುಟ್ಟುವುದಿಲ್ಲ.

ಚಿಕ್ಕ ಕೆಗ್ಗುಗಳಿಂದ ಗಾಳಿ ತೆಗೆಯುವುದನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಈ ವಿಧಾನದಲ್ಲಿ ಕೆಳಗಿನ ಕೆಗ್ಗಿನಲ್ಲಿರುವುದೆಲ್ಲ ಕೊನೆಗೆ ಮೇಲಿನ ಸೈಡರಿನ ತಲೆಯ ಮೇಲೆ ಹೋಗಿ ಕೂರುತ್ತದೆ. ಆಮ್ಲಜನಕ ಸೇರಿದರೆ ಹಣ್ಣಿನ ಪರಿಮಳ ಮಂಕಾಗಿ, ಬಣ್ಣ ಕಂದಾಗುತ್ತದೆ. ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳಿಗೂ ಬೇಕಾಗಿರುವುದು ಅದೇ. ಬರೀ ಗ್ಯಾಸ್ ತುಂಬಿ ಬಿಡುವುದು ಒಂದು ದಾರಿ: 30 ಪಿಎಸ್ಐ ತುಂಬಿ ಬಿಟ್ಟರೆ ಪ್ರತಿ ಸಲ ಗಾಳಿ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಐದು ಸಲಕ್ಕೆ ಆಮ್ಲಜನಕ ಶೇ. 0.1ರ ಆಸುಪಾಸಿಗೆ ಬರುತ್ತದೆ. ಇದಕ್ಕಿಂತ ಒಳ್ಳೆಯದು ಕೆಗ್ಗನ್ನು ಬಾಯಿತುದಿಯವರೆಗೆ ತೊಳೆಯಬೇಕಿಲ್ಲದ ಆಮ್ಲೀಯ ಸೋಂಕುನಿವಾರಕ ದ್ರಾವಣದಿಂದ ತುಂಬಿಸಿ, ಅದನ್ನು ಗ್ಯಾಸಿನಿಂದ ಹೊರತಳ್ಳುವುದು. ದ್ರಾವಣ ಬಿಟ್ಟ ಜಾಗಕ್ಕೆಲ್ಲ ಶುದ್ಧ ಗ್ಯಾಸೇ ಬರುತ್ತದೆ. ಅದೇ ದ್ರಾವಣವನ್ನು ಎರಡನೆಯ ಕೆಗ್ಗಿಗೂ ಬಳಸಿದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿಟ್ಟೇ ಈ ಕೆಲಸ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ.

ಜನವರಿಯ ಗ್ಯಾರೇಜು ತಾನೇ ಒಂದು ಫ್ರಿಜ್. ಆ ರಾತ್ರಿ ಒಳಗೆ 3 ಡಿಗ್ರಿ. ದೊಡ್ಡ ಕೆಗ್ಗನ್ನು ಎಷ್ಟೋ ದಿನ ಮೊದಲೇ 90 ಸೆಂಟಿಮೀಟರ್ ಎತ್ತರದ ಕೆಲಸದ ಮೇಜಿನ ಮೇಲೆ ಎತ್ತಿಟ್ಟಿದ್ದೆ, ಎತ್ತುವಾಗ ಎದ್ದ ಮಡ್ಡಿ ಮತ್ತೆ ಕೂರಲೆಂದು. ಖಾಲಿ ಕೆಗ್ಗುಗಳನ್ನೂ ಕೊಳವೆಗಳನ್ನೂ ಅಲ್ಲೇ ಬಿಟ್ಟೆ. ಬೆಚ್ಚಗಿನ ಸ್ಟೀಲು ಮುಟ್ಟಿದ ಸೈಡರ್ ಆ ಜಾಗದಲ್ಲಿ ಬಿಸಿಯೇರಿ ಗ್ಯಾಸ್ ಬಿಡುತ್ತದೆ. ಎಲ್ಲವೂ ಒಂದೇ ಚಳಿಯಲ್ಲಿದ್ದರೆ ಆ ಚಿಂತೆಯಿಲ್ಲ.

ಬೆಳಿಗ್ಗೆ ಮೊದಲು ದೊಡ್ಡ ಕೆಗ್ಗಿನ ಒತ್ತಡ ಓದಿಕೊಂಡೆ: 11. ಸಿಲಿಂಡರಿನಿಂದ ಬರುವ ಒತ್ತಡವನ್ನು ನಿಗದಿಮಾಡುವ ರೆಗ್ಯುಲೇಟರನ್ನು 15ಕ್ಕೆ ಇಟ್ಟು ಎರಡಕ್ಕೂ ಗ್ಯಾಸ್ ಕೊಟ್ಟೆ. ರೆಗ್ಯುಲೇಟರಿನ ಕೊಳವೆಯಲ್ಲಿ ಹಿಂದಕ್ಕೆ ಹರಿಯಗೊಡದ ವಾಲ್ವ್ ಇರಲೇಬೇಕು. ಇಲ್ಲದಿದ್ದರೆ ಕೆಗ್ಗಿನ ಒತ್ತಡ ಹೆಚ್ಚಿರುವಾಗ ಸೈಡರ್ ರೆಗ್ಯುಲೇಟರಿಗೇ ನುಗ್ಗಬಹುದು. ಚಿಕ್ಕ ಕೆಗ್ಗನ್ನು ನೆಲದ ಮೇಲಿನ ತೂಕದ ಯಂತ್ರದ ಮೇಲಿಟ್ಟು, ಕೊಳವೆಗಳನ್ನು ಜೋಡಿಸಿದ ಮೇಲೆ ಸೊನ್ನೆ ಮಾಡಬೇಕು.

ದ್ರವದ ಕೊಳವೆಯನ್ನು ಮೊದಲು ಚಿಕ್ಕ ಕೆಗ್ಗಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಕ್ಲಿಪ್ಪಿನೊಳಗಿನ ಪುಟ್ಟ ಮೊಳೆಯನ್ನು ಸೋಂಕುನಿವಾರಕದಲ್ಲಿ ಅದ್ದಿದ ಕಡ್ಡಿಯಿಂದ ಒತ್ತಿದೆ. ಬುಸ್ಸೆಂದು ಗ್ಯಾಸ್ ಬಂದು ಕೊಳವೆಯಲ್ಲಿದ್ದ ಗಾಳಿ ಹೊರಬಿತ್ತು. ಗ್ಯಾಸಿನ ಕೊಳವೆಯ ಗಾಳಿಯನ್ನೂ ಹೀಗೆಯೇ ಕಳೆದೆ. ನಾಲ್ಕೂ ತುದಿ ಕೂತ ಮೇಲೆ ‘ಟಿ’ಯ ನಲ್ಲಿ ಮುಚ್ಚಿ, ವಾಲ್ವನ್ನು ಕೂದಲಷ್ಟು ಸಡಿಲಿಸಿದೆ. ಕೆಳಗಿನ ಕೆಗ್ಗಿನ ಒತ್ತಡ 15ರಿಂದ 14ಕ್ಕೆ ಇಳಿಯುವಷ್ಟರಲ್ಲಿ ಜೇನುಬಣ್ಣದ ಸೈಡರ್ ಪಾರದರ್ಶಕ ಕೊಳವೆಯಲ್ಲಿ ಏರಿ, ತಿರುವು ದಾಟಿ, ಕೆಳಗಿಳಿಯಿತು. ತಕ್ಷಣ ವಾಲ್ವ್ ಬಿಗಿಮಾಡಿ ನಲ್ಲಿ ತೆರೆದೆ. ಅಲ್ಲಿಂದ ಮುಂದೆ ಎಲ್ಲವೂ ಭಾರದ ಕೆಲಸ.

ಕೊಳವೆಗೆ ಕಣ್ಣು ಹತ್ತಿರ ತಂದು ನೋಡಿದರೆ ಒಳಗೆ ಏನೂ ಚಲಿಸುತ್ತಿಲ್ಲ ಎನಿಸುತ್ತದೆ. ಗುಳ್ಳೆಯೇ ಇಲ್ಲದ ದ್ರವಕ್ಕೆ ಗುರುತು ಇರುವುದಿಲ್ಲ. ಹರಿಯುತ್ತಿದೆ ಎಂದು ಹೇಳುವುದು ತೂಕದ ಅಂಕಿ ಮಾತ್ರ. ಶುರುವಿನಲ್ಲಿ ಎರಡು ಮಟ್ಟಗಳ ನಡುವೆ ಒಂದೂಕಾಲು ಮೀಟರಿಗಿಂತ ಹೆಚ್ಚು ಅಂತರ, ಹಾಗಾಗಿ ಅಂಕಿ ಚುರುಕಾಗಿ ಏರುತ್ತದೆ. ಎರಡನೆಯ ಕೆಗ್ಗಿನ ಕೊನೆಯ ಹೊತ್ತಿಗೆ ಅಂತರ ಅರ್ಧ ಮೀಟರಿಗೆ ಇಳಿದು ಸಾವಕಾಶವಾಗುತ್ತದೆ. ಅವಸರಪಡಿಸಬಾರದು. ಕೊಳವೆಯ ತಿರುವಿನಲ್ಲಿ ಸಾಸಿವೆಯಷ್ಟು ಗುಳ್ಳೆ ಕಂಡರೂ ಒತ್ತಡವನ್ನು ಒಂದೆರಡು ಪಿಎಸ್ಐ ಏರಿಸಬೇಕು. ಎರಡನೆಯ ಕೆಗ್ಗಿನ ಅರ್ಧದಲ್ಲಿ ಹಾಗೆ ಕಂಡು, 17ಕ್ಕೆ ಏರಿಸಿದೊಡನೆ ಮಾಯವಾಯಿತು.

ಹೆಂಡತಿ ತೂಕದ ಮುಂದೆ ಕೂತಿದ್ದಳು. ಸೈಡರಿನ ಸಾಂದ್ರತೆ ನೀರಿನಷ್ಟೇ ಇರುವುದರಿಂದ ಒಂದು ಕಿಲೋ ಎಂದರೆ ಒಂದು ಲೀಟರ್. ‘ಒಂಬತ್ತಾಯಿತು, ಬಿಚ್ಚಿ’ ಎಂದಾಗ ದ್ರವದ ಕೊಳವೆಯನ್ನು ಮೇಲಿನ ಕೆಗ್ಗಿನ ಕಡೆಯಿಂದ ಮೊದಲು ಕಳಚಿದೆ. ಅರ್ಧ ಲೀಟರಿನಷ್ಟು ಜಾಗ ಬಿಡದೆ ತುಂಬಿದರೆ ಗ್ಯಾಸಿನ ಗಿಡ್ಡ ಕೊಳವೆ ಮುಳುಗಿ, ಸೈಡರ್ ಗ್ಯಾಸಿನ ದಾರಿಯಲ್ಲಿ ಮೇಲೇರುತ್ತದೆ. ಎರಡನೆಯದಕ್ಕೆ ಎಂಟೂವರೆ ಲೀಟರಿಗೆ ಸ್ವಲ್ಪ ಕಡಿಮೆ ಸಿಕ್ಕಿತು. ತಳದಲ್ಲಿ ಉಳಿದದ್ದು ಮಡ್ಡಿ ಸೇರಿದ ಅರ್ಧ ಲೀಟರು. ಅದು ಅಡುಗೆಗೆ.

ಗ್ಯಾಸ್ ಉಳಿಯಿತೇ ಎಂದು ತಿಳಿಯಲು ರುಚಿ ನೋಡಬೇಕಿಲ್ಲ. ಚಿಕ್ಕ ಕೆಗ್ಗಿನ ಮೇಲಿನ ಒತ್ತಡವನ್ನು 8ಕ್ಕೆ ಇಳಿಸಿ, ಮಾಪಕ ಸಿಕ್ಕಿಸಿ, ಕೆಗ್ಗನ್ನು ಅಡ್ಡ ಮಲಗಿಸಿ ಚೆನ್ನಾಗಿ ಉರುಳಾಡಿಸಿದೆ. ಅಲುಗಾಡಿಸಿದಾಗ ದ್ರವವೂ ಗ್ಯಾಸೂ ಬೇಗ ಸಮತೋಲಕ್ಕೆ ಬರುತ್ತವೆ. ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ಒಳಗಿರುವ ಗ್ಯಾಸಿನ ಲೆಕ್ಕ. ಮುಳ್ಳು ಏರುತ್ತಾ ಬಂದು 10.5ರಲ್ಲಿ ನಿಂತಿತು. 3 ಡಿಗ್ರಿಯಲ್ಲಿ ಅರ್ಧ ಪಿಎಸ್ಐ ಎಂದರೆ ಎರಡೂವರೆ ಲೀಟರ್ ಅನಿಲದಲ್ಲಿ 50 ಮಿಲಿಲೀಟರಿನಷ್ಟು ಕಡಿಮೆ. ನಾಲಿಗೆಗೆ ಗೊತ್ತಾಗುವಂಥದ್ದಲ್ಲ. ಹಳೆಯ ಕೆಗ್ಗಿನಲ್ಲೂ ಅಷ್ಟೇ ಬಂದದ್ದು ನನಗೆ ಹೆಚ್ಚಿನ ಸಂತೋಷ ಕೊಟ್ಟಿತು.

ಕೆಲಸ ಮುಗಿದೊಡನೆ ಕೊಳವೆಗಳನ್ನೂ ಕ್ಲಿಪ್ಪುಗಳನ್ನೂ ಬಿಸಿನೀರಿನಲ್ಲಿ ತೊಳೆಯಬೇಕು. ಕ್ಲಿಪ್ಪಿನ ತಲೆಯ ತಿರುಪು ಬಿಚ್ಚಿದರೆ ಒಳಗೆ ಸ್ಪ್ರಿಂಗಿನ ಸುತ್ತ ಸೈಡರ್ ನಿಂತಿರುತ್ತದೆ. ಒಣಗಿ ಅಂಟಾದರೆ ಮುಂದಿನ ಸಲ ಮೊಳೆ ಅರ್ಧವೇ ತೆರೆದು, ಆ ಸಂದಿನಲ್ಲೇ ಗುಳ್ಳೆ ಏಳುತ್ತದೆ. ಸ್ಪಂಡಿಂಗ್ ವಾಲ್ವಿನ ಒಳಗಿನ ರಬ್ಬರ್ ಪರದೆಯನ್ನು ತೆಗೆದು ಬೇರೆಯಾಗಿ ಒಣಗಿಸಿಟ್ಟೆ. ತೋಟದಲ್ಲಿ ಬಗ್ಗಿಸಲು ನಾಲ್ಕೂ ಮುಕ್ಕಾಲು ಮಿಲಿಮೀಟರ್ ಒಳವ್ಯಾಸದ ಸಣ್ಣ ಕೊಳವೆ, ಕೈನಲ್ಲಿ, ಪುಟ್ಟ ಸಿಲಿಂಡರ್ ಒಂದು ಪೆಟ್ಟಿಗೆಯಲ್ಲಿ ಸಿದ್ಧವಿವೆ, ರೆಗ್ಯುಲೇಟರ್ 11ರಲ್ಲಿದೆ.